ಒಂದೇ ಕಾಡತೂಸು, ಎರಡು ಬಂದೂಕು: ಲಿವರ್ ರೈಫಲ್ ಆರಿಸುವ ಮುನ್ನ

ಪ್ರಶ್ನೆ: ಸುಬೇದಾರ ಸಾಹೇಬರಿಗೆ ನಮಸ್ಕಾರ. ನಾನು ಖಾನಾಪುರ ತಾಲ್ಲೂಕಿನ ರೈತ. ತಂದೆಯವರಿಂದ ಬಂದ ಕಾನ್ಪುರದ .32 ರಿವಾಲ್ವರಿಗೆ ಪರವಾನಗಿ ಇದೆ. ನನ್ನ ಹೆಂಡತಿಯ ತವರು ಜಮಖಂಡಿ. ಅಲ್ಲಿನ ವಾಡೆಯಲ್ಲಿ ಅಜ್ಜನ ಕಾಲದ ಲಿವರ್ ರೈಫಲ್ ಒಂದಿದೆ. ನಳಿಗೆಯ ಮೇಲೆ ವಿಂಚೆಸ್ಟರ್ ಎಂದೂ '44 ಡಬ್ಲ್ಯೂ.ಸಿ.ಎಫ್.' ಎಂದೂ ಕೊರೆದಿದೆ. ಮಾವನವರಿಗೆ ಈಗ ಎಪ್ಪತ್ತೆರಡು. ಅದನ್ನು ನನಗೆ ಕೊಡುತ್ತೇನೆ ಎನ್ನುತ್ತಾರೆ. ನಮ್ಮ ಕಬ್ಬಿಗೆ ಕಾಡುಹಂದಿಯ ಕಾಟ ವಿಪರೀತವಾಗಿದೆ. ಇದೇ ಹೊತ್ತಿಗೆ ಟೆಕ್ಸಾಸ್‌ನಲ್ಲಿರುವ ನನ್ನ ತಮ್ಮನೂ ರಿವಾಲ್ವರಿನ ಕಾಡತೂಸು ಹಾರಿಸುವ ಹೊಸ ಲಿವರ್ ರೈಫಲ್ ಕೊಳ್ಳಲು ಹೊರಟಿದ್ದಾನೆ. ಭಾನುವಾರಗಳಂದು ಮಗಳ ಜೊತೆ ಗುರಿ ಅಭ್ಯಾಸ, ವರ್ಷಕ್ಕೆ ಒಂದೆರಡು ಬಾರಿ ಗೆಳೆಯನ ಜಮೀನಿನಲ್ಲಿ ಹಂದಿ ಬೇಟೆ ಅವನ ಉದ್ದೇಶ. .357 ಒಳ್ಳೆಯದೋ .44 ಒಳ್ಳೆಯದೋ ಎಂದು ಕೇಳುತ್ತಿದ್ದಾನೆ. ರಿವಾಲ್ವರಿಗೂ ರೈಫಲಿಗೂ ಒಂದೇ ಕಾಡತೂಸಾದರೆ ಅನುಕೂಲವಲ್ಲವೇ? ಇಬ್ಬರಿಗೂ ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೇಶಗಳಿವೆ, ಎರಡು ರೈಫಲುಗಳಿವೆ. ಆದರೆ ಅಣ್ಣ ತಮ್ಮ ಇಬ್ಬರಿಗೂ ನಾನು ಹೇಳುವ ಮೊದಲ ಮಾತು ಒಂದೇ. ಬಂದೂಕಿಗೆ ಮನಸೋತು ಆಮೇಲೆ ಕಾಡತೂಸು ಹುಡುಕಬೇಡಿ. ಕೈಗೆ ಸಿಗುವ ಕಾಡತೂಸು ಯಾವುದೆಂದು ಮೊದಲು ತಿಳಿದು, ಅದಕ್ಕೆ ತಕ್ಕ ಬಂದೂಕು ಆರಿಸಿ. ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಆರ್ಮರರ್, ಅಂದರೆ ಆಯುಧ ದುರಸ್ತಿಗಾರ, ಆಗಿದ್ದು ಬೆಳಗಾವಿಗೆ ಮರಳಿದ ಮೇಲೆ, ಈ ಸೀಮೆಯ ಹಳೆಯ ಮನೆತನಗಳ ಎಷ್ಟೋ ಬಂದೂಕುಗಳನ್ನು ಬಿಚ್ಚಿ ನೋಡಿದ್ದೇನೆ. ಕೊಂಡು ಪಶ್ಚಾತ್ತಾಪಪಟ್ಟವರಲ್ಲಿ ಹೆಚ್ಚಿನವರು ಈ ಕ್ರಮವನ್ನು ತಿರುಗುಮುರುಗು ಮಾಡಿಕೊಂಡವರೇ.

'ಒಂದೇ ಕಾಡತೂಸು' ಎಂಬ ಆಲೋಚನೆ ಹುಟ್ಟಿದ್ದು 1870ರ ದಶಕದ ಅಮೆರಿಕದಲ್ಲಿ. ವಿಂಚೆಸ್ಟರ್ ಕಂಪನಿ 1873ರ ಮಾದರಿಯ ರೈಫಲನ್ನು .44-40 ಕಾಡತೂಸಿನೊಂದಿಗೆ ಹೊರತಂದಿತು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿಯೂ ಅದೇ ಕಾಡತೂಸಿಗೆ ರಿವಾಲ್ವರ್ ಮಾಡಿತು. ಅಂಗಡಿಯೆಂದರೆ ಎರಡು ಮೂರು ದಿನದ ಕುದುರೆ ಹಾದಿ ಎಂಬಂಥ ಬಯಲಿನಲ್ಲಿ ಬದುಕುವವನಿಗೆ ಸೊಂಟದ ಪಟ್ಟಿಯಲ್ಲಿ ಒಂದೇ ಬಗೆಯ ಕಾಡತೂಸು ಇರುವುದು ನಿಜಕ್ಕೂ ದೊಡ್ಡ ಅನುಕೂಲ. ನಿಮ್ಮ ಮಾವನವರ ರೈಫಲಿನ ಮೇಲಿರುವ ಡಬ್ಲ್ಯೂ.ಸಿ.ಎಫ್. ಅಂದರೆ ವಿಂಚೆಸ್ಟರ್ ಸೆಂಟರ್ ಫೈರ್. .44-40 ಅದೇ ಕಾಡತೂಸಿನ ಇನ್ನೊಂದು ಹೆಸರು. 44 ಎಂಬುದು ಗುಂಡಿನ ಗಾತ್ರದ ಹೆಸರು. 40 ಎಂದರೆ ಅದರಲ್ಲಿ ತುಂಬುತ್ತಿದ್ದ ಕರಿಮದ್ದಿನ ತೂಕ, 40 ಗ್ರೇನ್, ಸುಮಾರು ಎರಡೂವರೆ ಗ್ರಾಂ.

ಮೊದಲು ತಮ್ಮನ ವಿಷಯ ಮುಗಿಸೋಣ. ಅವನಿಗೆ ಆಯ್ಕೆಗಳಿವೆ, ಅಂಗಡಿಯಲ್ಲಿ ಕಾಡತೂಸೂ ಇದೆ.

ರಿವಾಲ್ವರಿನ ಕಾಡತೂಸನ್ನು ಉದ್ದ ನಳಿಗೆಯಲ್ಲಿ ಹಾರಿಸಿದರೆ ಆಗುವ ವ್ಯತ್ಯಾಸ ಸಣ್ಣದಲ್ಲ. .357 ಮ್ಯಾಗ್ನಂ 1935ರಲ್ಲಿ ಬಂದ ಕಾಡತೂಸು. 158 ಗ್ರೇನಿನ, ಅಂದರೆ ಸುಮಾರು ಹತ್ತು ಗ್ರಾಂ ತೂಕದ ಅದರ ಗುಂಡು ನಾಲ್ಕು ಇಂಚಿನ ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 375 ಮೀಟರ್ ವೇಗದಲ್ಲಿ ಹೊರಡುತ್ತದೆ. ಹದಿನೆಂಟು ಇಪ್ಪತ್ತು ಇಂಚಿನ ನಳಿಗೆಯಲ್ಲಿ ಮದ್ದು ಪೂರ್ತಿ ಉರಿದು ಗುಂಡನ್ನು ಇನ್ನಷ್ಟು ದೂರ ನೂಕಲು ಸಮಯ ಸಿಗುತ್ತದೆ, ವೇಗ 550 ಮೀಟರಿನ ಹತ್ತಿರ ಹೋಗುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೊಡೆತದ ಬಲ ಎರಡು ಪಟ್ಟು ದಾಟಿ ಸುಮಾರು 1500 ಜೂಲ್ ಆಗುತ್ತದೆ. .44 ಮ್ಯಾಗ್ನಂ 240 ಗ್ರೇನಿನ ಗುಂಡಿನೊಂದಿಗೆ ರೈಫಲಿನಲ್ಲಿ ಸುಮಾರು 2200 ಜೂಲ್ ಮುಟ್ಟುತ್ತದೆ. ಇಷ್ಟನ್ನೇ ನೋಡಿದರೆ .44 ಗೆದ್ದಂತೆ ಕಾಣುತ್ತದೆ.

ಆದರೆ .357ರ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡಿನಲ್ಲಿ, ಅದಕ್ಕಿಂತ ಗಿಡ್ಡದಾದ .38 ಸ್ಪೆಷಲ್ ಕಾಡತೂಸನ್ನೂ ಹಾರಿಸಬಹುದು. ಅದು ಅಗ್ಗ, ಅದರ ಸದ್ದೂ ಕಡಿಮೆ. ಮೂರು ಕಿಲೋ ತೂಕದ ರೈಫಲಿನಲ್ಲಿ ಭುಜಕ್ಕೆ ಒದೆತವೇ ತಿಳಿಯುವುದಿಲ್ಲ. ಉದ್ದ ನಳಿಗೆಯಿಂದ ಅದಕ್ಕೆ ಸಿಗುವ ಹೆಚ್ಚುವರಿ ವೇಗ ಅಷ್ಟಕ್ಕಷ್ಟೇ, ಏಕೆಂದರೆ ಅದರ ಅಲ್ಪ ಮದ್ದು ಬೇಗ ಉರಿದು ಮುಗಿಯುತ್ತದೆ. ಮಗಳಿಗೆ ಗುರಿ ಕಲಿಸುವವನಿಗೆ ಬೇಕಾದದ್ದು ಇದೇ. ಮೊದಲ ದಿನ ಭುಜಕ್ಕೆ ಒದೆತ ತಿಂದ ಮಗು ಎರಡನೆಯ ದಿನ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತದೆ. ಆ ಅಂಜಿಕೆ ಬಿಡಿಸಲು ತಿಂಗಳುಗಳು ಬೇಕು. ನೇಮಕವಾದ ಹೊಸ ಹುಡುಗರಲ್ಲಿ ಇದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ವರ್ಷಕ್ಕೆ ಎರಡು ಬಾರಿಯ ಹಂದಿಗಾಗಿ ಉಳಿದ ಐವತ್ತು ಭಾನುವಾರಗಳ ಸಂತೋಷವನ್ನು ಕೆಡಿಸಿಕೊಳ್ಳಬಾರದು. .357 ಕೊಳ್ಳಲಿ. ಹಂದಿಯ ಮೇಲೆ ಗಟ್ಟಿ ಗುಂಡಿನ ಮ್ಯಾಗ್ನಂ ಬಳಸಲಿ, ಎಪ್ಪತ್ತೈದು ಮೀಟರಿನ ಒಳಗೆ ಹೊಡೆಯಲಿ. ಅದಕ್ಕೂ ದೂರವಿದ್ದರೆ ಬಿಟ್ಟುಬಿಡಲಿ. ಹಂದಿಯೇ ಮುಖ್ಯ, ಗುರಿ ಅಭ್ಯಾಸ ನೆಪಮಾತ್ರ ಎನ್ನುವುದಾದರೆ ಮಾತ್ರ .44ರ ಕಡೆ ನೋಡಲಿ.

.45 ಕೋಲ್ಟ್ ಎಂಬ ಹೆಸರೂ ಅವನ ಕಿವಿಗೆ ಬೀಳುತ್ತದೆ. ಹಳೆಯ ಕಾಲದ ವಿಂಚೆಸ್ಟರುಗಳು ಆ ಕಾಡತೂಸಿಗೆ ಬರುತ್ತಿರಲಿಲ್ಲ. ಹಿಂದಿನ ಅಂಚು ಸಣ್ಣದಾಗಿದ್ದರಿಂದ ಖಾಲಿ ಕೇಸನ್ನು, ಅಂದರೆ ಹಾರಿಸಿದ ಮೇಲೆ ಉಳಿಯುವ ಕಾಡತೂಸಿನ ಕವಚವನ್ನು, ಎಳೆಯುವ ಕೊಕ್ಕೆಗೆ ಸರಿಯಾದ ಹಿಡಿತ ಸಿಗುತ್ತಿರಲಿಲ್ಲ. ಇಂದಿನವು ಬರುತ್ತವೆ. ಅದೇ ಕಾಡತೂಸಿನ ರಿವಾಲ್ವರ್ ಮನೆಯಲ್ಲಿ ಇಲ್ಲದವನಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇನ್ನು ಯಂತ್ರದ ಆಯ್ಕೆ. ನನಗೆ ತುಂಬ ಪ್ರಿಯವಾದ ಭಾಗ ಇದು. ಟ್ರಿಗರಿನ ಸುತ್ತ ಬಳೆಯಂತಿರುವ ಲಿವರನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆಯುವ ಒಂದೇ ಚಲನೆಯಲ್ಲಿ ಖಾಲಿ ಕೇಸು ಹೊರಬೀಳುತ್ತದೆ, ಹಳಬರು ಕುದುರೆ ಎನ್ನುವ ಹ್ಯಾಮರ್ ಏರುತ್ತದೆ, ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ಕಾಡತೂಸು ಮೇಲೆ ಬಂದು ಕೂರುತ್ತದೆ. 1873ರ ಮಾದರಿಯಲ್ಲಿ ಬೋಲ್ಟನ್ನು, ಅಂದರೆ ಚೇಂಬರಿನ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡನ್ನು, ಹಿಂದಿನಿಂದ ತಡೆದು ನಿಲ್ಲಿಸುವುದು ಮೊಣಕಾಲಿನಂತೆ ಮಡಚುವ ಕೊಂಡಿಗಳ ಜೋಡಿ. ಅದರ ಓಟ ಬೆಣ್ಣೆಯಂತೆ ನಯ, ಆದರೆ ಬಲ ಕಡಿಮೆ. ಜಾನ್ ಬ್ರೌನಿಂಗ್ ರೂಪಿಸಿದ 1892ರ ಮಾದರಿಯಲ್ಲಿ ಬೋಲ್ಟಿನ ಎರಡೂ ಪಕ್ಕಗಳಲ್ಲಿ ಉಕ್ಕಿನ ಗೂಟಗಳು ನೆಟ್ಟಗೆ ಮೇಲೆದ್ದು ಬೀಗ ಹಾಕುತ್ತವೆ. ಗಾತ್ರದಲ್ಲಿ ಪುಟ್ಟದು, ಬಲದಲ್ಲಿ ಗಟ್ಟಿ. ಬ್ರೆಜಿಲ್‌ನ ರೋಸಿ ಕಂಪನಿ ಇಂದಿಗೂ ಇದನ್ನೇ ಅನುಸರಿಸುತ್ತದೆ. ಬೆಲೆ ಕಡಿಮೆ, ಒಳಗಿನ ಅಂಚುಗಳು ಒರಟಾಗಿರುತ್ತವೆ, ಬಳಸುತ್ತ ಬಳಸುತ್ತ ನಯವಾಗುತ್ತವೆ. ವಿಂಚೆಸ್ಟರ್ ಹೆಸರಿನ ಇಂದಿನ 73 ಮತ್ತು 92 ತಯಾರಾಗುವುದು ಜಪಾನಿನ ಮಿರೋಕು ಕಾರ್ಖಾನೆಯಲ್ಲಿ. ಅವುಗಳ ಕೆಲಸ ಅಚ್ಚುಕಟ್ಟು, ಬೆಲೆಯೂ ಹಾಗೆಯೇ.

ಮಾರ್ಲಿನ್ ಕಂಪನಿಯ 1894 ಎಂಬ ಮಾದರಿಯಲ್ಲಿ ಮೇಲ್ಭಾಗ ಮುಚ್ಚಿದ್ದು ಖಾಲಿ ಕೇಸು ಪಕ್ಕಕ್ಕೆ ಹಾರುತ್ತದೆ, ಹೀಗಾಗಿ ದುರ್ಬೀನು ಕೂರಿಸುವುದು ಸುಲಭ. 2020ರಲ್ಲಿ ಆ ಕಂಪನಿಯನ್ನು ರೂಗರ್ ಕೊಂಡಿತು. ನಿಮ್ಮ ತಮ್ಮ ಹಳೆಯ ಮಾರ್ಲಿನ್ ಕೊಳ್ಳುವುದಾದರೆ ಒಂದು ವಿಷಯ ಪರೀಕ್ಷಿಸಲಿ. ಲಿವರಿನ ಅಂಚು ಉಜ್ಜಿ ಉಜ್ಜಿ ಕಾಡತೂಸು ಎತ್ತುವ ತಟ್ಟೆಯಲ್ಲಿ ಕಚ್ಚು ಬಿದ್ದಿರುತ್ತದೆ. ಆಗ ಕೊಳವೆಯಿಂದ ಒಂದರ ಬದಲು ಒಂದೂವರೆ ಕಾಡತೂಸು ಒಳನುಗ್ಗಿ ಇಡೀ ಯಂತ್ರ ಕಚ್ಚಿಕೊಳ್ಳುತ್ತದೆ. ಕಸುಬಿನವರಲ್ಲಿ ಇದಕ್ಕೆ ಮಾರ್ಲಿನ್ ಜಾಮ್ ಎಂದೇ ಹೆಸರು. ಹಳೆಯ .44 ಮಾರ್ಲಿನ್ನುಗಳ ನಳಿಗೆಯೊಳಗೆ ಗುಂಡನ್ನು ಗಿರಗಿರ ತಿರುಗಿಸುವ ಗೀರುಗಳ ತಿರುವು 38 ಇಂಚಿಗೆ ಒಂದು ಸುತ್ತು, ತೀರ ನಿಧಾನ. ಭಾರದ ಗುಂಡುಗಳು ಅದರಲ್ಲಿ ನೆಲೆ ನಿಲ್ಲುವುದಿಲ್ಲ.

ಯಾವ ಕಂಪನಿಯದಾದರೂ ಅಂಗಡಿಯಲ್ಲೇ ಖಾಲಿ ರೈಫಲಿನ ಲಿವರನ್ನು ಕೊನೆಯವರೆಗೆ ಎಳೆದು ನೋಡಲಿ. ಲಿವರ್ ರೈಫಲ್ ಸಿಕ್ಕಿಕೊಂಡಿತು ಎಂದು ದೂರುವವರಲ್ಲಿ ಬಹುಪಾಲು ಜನ ಅಂಜುತ್ತ ಅರ್ಧ ಎಳೆಯುವವರು. ಬೋರ್‌ವೆಲ್ಲಿನ ಹಿಡಿಯನ್ನು ಅರ್ಧ ಒತ್ತಿದರೆ ನೀರು ಬಾರದು, ಇದೂ ಹಾಗೆಯೇ. ಗುಂಡಿನ ಮೂತಿ ಚಪ್ಪಟೆಯಾಗಿರಬೇಕು. ಕೊಳವೆಯಲ್ಲಿ ಕಾಡತೂಸುಗಳು ಒಂದರ ಹಿಂದೆ ಒಂದು ಮಲಗಿರುತ್ತವೆ, ಹಿಂದಿನದರ ಮೂತಿ ಮುಂದಿನದರ ಸಿಡಿಬಿಂದುವಿಗೆ, ಅಂದರೆ ಏಟು ಬಿದ್ದರೆ ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿಗೆ, ತಾಗಿರುತ್ತದೆ. ಅಲ್ಲಿ ಚೂಪು ಮೂತಿ ಇದ್ದರೆ ಒದೆತದ ರಭಸಕ್ಕೆ ಅದೇ ಮೊಳೆಯಾಗಿ ಕೊಳವೆಯೊಳಗೇ ಸಿಡಿಸಬಲ್ಲದು.

ಅವನ ವೀಸಾ ಯಾವುದು ಎಂದು ನೀವು ಬರೆದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ಎಚ್-1ಬಿ ಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನೇ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಟೆಕ್ಸಾಸ್‌ನಲ್ಲಿ 2019ರಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಹಂದಿ ಬೇಟೆಗೆ ಪರವಾನಗಿ ಬೇಕಿಲ್ಲ. ಅದನ್ನು ಕೇಳಿ ನಮ್ಮ ಹುಡುಗರು ಪರವಾನಗಿ ಮಾಡಿಸದೆ ಸುಮ್ಮನಿದ್ದುಬಿಡುತ್ತಾರೆ. ಹಂದಿಗೆ ಬೇಡವಾದ ಪರವಾನಗಿ ಬಂದೂಕಿಗೆ ಬೇಕಾಗುತ್ತದೆ. ಕೊಳ್ಳುವ ಮುನ್ನ ಅಲ್ಲಿನ ವಕೀಲರೊಬ್ಬರನ್ನು ಕೇಳಲಿ. ಊರಿಗೆ ಬರುವಾಗ ನಿಮಗೊಂದು ರೈಫಲ್ ತರುತ್ತೇನೆ ಎಂದೇನಾದರೂ ಹೇಳಿದ್ದರೆ ಬೇಡ ಎನ್ನಿ. ಖಾಸಗಿಯವರು ವಿದೇಶಿ ಬಂದೂಕು ತರಿಸಿಕೊಳ್ಳುವ ಬಾಗಿಲು ನಮ್ಮಲ್ಲಿ 1980ರ ದಶಕದಿಂದ ಬಹುತೇಕ ಮುಚ್ಚಿದೆ.

ಈಗ ಜಮಖಂಡಿಯ ರೈಫಲಿಗೆ ಬರುತ್ತೇನೆ.

ಇದು ಆಯುಧದ ಮೇಲಿನ ಮಮತೆಗೆ ಹೆಸರಾದ ನೆಲ. ಆಯುಧ ಒಪ್ಪಿಸಿ ಎಂದು ಬ್ರಿಟಿಷರು ಅಪ್ಪಣೆ ಮಾಡಿದಾಗ 1857ರಲ್ಲಿ ಹಲಗಲಿಯ ಬೇಡರು ಬಂಡೆದ್ದರು. ಹಲಗಲಿಯಿಂದ ಜಮಖಂಡಿ ಏನೂ ದೂರವಲ್ಲ. ಆದ್ದರಿಂದ ಮನೆಯ ಬಂದೂಕನ್ನು ಬಿಡಲಾರೆ ಎನ್ನುವವರನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಆದರೂ ನಿಮ್ಮ ಉದ್ದೇಶಕ್ಕೆ ಆ ರೈಫಲ್ ಬೇಡ ಎಂದು ಹೇಳಬೇಕಾಗಿದೆ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಅದರ ಕಾಡತೂಸು ನಮ್ಮಲ್ಲಿ ತಯಾರಾಗುವುದಿಲ್ಲ. ನಮ್ಮ ಸರ್ಕಾರಿ ಕಾರ್ಖಾನೆಗಳಿಂದ ನಾಗರಿಕರಿಗೆ ಬರುವುದು .22, .32, .315, .30-06, 12 ಬೋರ್ ಇಂಥವು. ನಿಮ್ಮ ರಿವಾಲ್ವರಿನ ಕಾಡತೂಸಿನ ಹಿಂಭಾಗ ನೋಡಿ, 'ಕೆ.ಎಫ್.' ಎಂಬ ಅಚ್ಚಿದ್ದರೆ ಅದು ಪುಣೆಯ ಪಕ್ಕದ ಖಡ್ಕಿಯದು. .44-40 ಆ ಪಟ್ಟಿಯಲ್ಲಿ ಇಲ್ಲ. ಎಲ್ಲೋ ಹಳೆಯ ಪೆಟ್ಟಿಗೆಯೊಂದು ಸಿಕ್ಕರೂ ಅದು ನಿಮ್ಮ ಅಜ್ಜನ ವಯಸ್ಸಿನದು. ಸಿಡಿಯದೆ ಉಳಿಯಬಹುದು, ತಡವಾಗಿ ಸಿಡಿಯಲೂಬಹುದು. ಮನೆಯಲ್ಲೇ ತುಂಬಿಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ಪರವಾನಗಿಯಿಲ್ಲದೆ ಕಾಡತೂಸು ತಯಾರಿಸುವುದು ಅಪರಾಧ.

ನಿಮ್ಮ .32 ರಿವಾಲ್ವರಿಗೂ ಈ ರೈಫಲಿಗೂ ಯಾವ ಸಂಬಂಧವೂ ಇಲ್ಲ. ಮುಂದೆ ಯಾರಾದರೂ '32 ಡಬ್ಲ್ಯೂ.ಸಿ.ಎಫ್.' ಎಂದು ಕೊರೆದ ಲಿವರ್ ರೈಫಲ್ ತೋರಿಸಿ ನಿಮ್ಮ ರಿವಾಲ್ವರಿನದೇ ಕಾಡತೂಸು ಹೋಗುತ್ತದೆ ಎಂದರೆ ನಂಬಬೇಡಿ. ಅದು .32-20. ಅದರ ಕೇಸು ದಪ್ಪ, ಉದ್ದ, ಮೂತಿಯ ಬಳಿ ಕಿರಿದಾಗುವ ಬಾಟಲಿಯ ಆಕಾರ. ನಿಮ್ಮದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ನೇರವಾದ ಸಣ್ಣ ಕೇಸು. ಅಮೆರಿಕದಲ್ಲಿ ಹೆನ್ರಿ ಕಂಪನಿ .327 ಫೆಡರಲ್ ಮ್ಯಾಗ್ನಂಗೆ ಮಾಡಿದ ಲಿವರ್ ರೈಫಲಿನ ಚೇಂಬರಿಗೆ ನಿಮ್ಮ ಕಾಡತೂಸು ಹೊಂದುತ್ತದೆ. ಆದರೆ ಅದು ಇಲ್ಲಿ ಸಿಗುವುದಿಲ್ಲ. ಸಿಕ್ಕಿದ್ದರೂ ಆ ಪುಟ್ಟ ಗುಂಡಿನಿಂದ ಕಾಡುಹಂದಿ ಸಾಯುವುದಿಲ್ಲ, ಗಾಯಗೊಂಡು ಕಬ್ಬಿನೊಳಗೆ ನುಗ್ಗುತ್ತದೆ. ಮರುದಿನ ಬೆಳಿಗ್ಗೆ ಆ ಕಬ್ಬಿಗೆ ಇಳಿಯುವವರು ನಿಮ್ಮ ಆಳುಗಳು.

ಕೆಲವರು ಇಂಥ ಹಳೆಯ ರೈಫಲುಗಳ ಚೇಂಬರನ್ನು ಕೊರೆಸಿ ಬೇರೆ ಕಾಡತೂಸಿಗೆ ಹೊಂದಿಸಿಕೊಡುತ್ತೇವೆ ಎನ್ನುತ್ತಾರೆ. .44-40ರ ಅನುಮತಿಸಿದ ಗರಿಷ್ಠ ಒತ್ತಡ ಚದರ ಇಂಚಿಗೆ 11,000 ಪೌಂಡ್; .44 ಮ್ಯಾಗ್ನಂನದು 36,000. ಹಳೆಯ ಉಕ್ಕು, ಅದರಲ್ಲೂ 1873ರ ಮೊಣಕಾಲು ಕೊಂಡಿ, ಮೂರು ಪಟ್ಟಿಗಿಂತ ಹೆಚ್ಚಿನ ಈ ಒತ್ತಡವನ್ನು ತಾಳುವುದಿಲ್ಲ. ಬಂದೂಕು ಹಿಂದಕ್ಕೆ ಒಡೆದರೆ ಅಲ್ಲಿರುವುದು ಹಾರಿಸುವವನ ಮುಖ. ಆ ದಿನಗಳಲ್ಲಿಯೇ 92ಕ್ಕೆಂದು ಬಂದ ಹೆಚ್ಚಿನ ವೇಗದ .44-40 ಕಾಡತೂಸಿನ ಪೆಟ್ಟಿಗೆಗಳ ಮೇಲೆ, 73ರಲ್ಲಿ ಹಾರಿಸಬೇಡಿ ಎಂದು ಕಂಪನಿಯೇ ಅಚ್ಚು ಹಾಕುತ್ತಿತ್ತು.

ಕಾಯ್ದೆ ಇನ್ನೊಂದು ದೊಡ್ಡ ಕಾರಣ. ಶಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಎರಡೇ, ಮೊದಲು ಮೂರಿತ್ತು. ವಂಶಪಾರಂಪರ್ಯವಾಗಿ ಬಂದದ್ದಕ್ಕೂ ಈ ಮಿತಿ ಅನ್ವಯಿಸುತ್ತದೆ. ರಿವಾಲ್ವರ್ ಒಂದಾಯಿತು. ಉಳಿದಿರುವ ಒಂದೇ ಸ್ಥಾನವನ್ನು ಕಾಡತೂಸಿಲ್ಲದ ರೈಫಲಿಗೆ ಕೊಟ್ಟರೆ ಕಬ್ಬು ಕಾಯುವುದು ಯಾವುದು? ಆ ಸ್ಥಾನ 12 ಬೋರಿನ ಜೋಡಿ ನಳಿಗೆ ಬಂದೂಕಿಗೆ ಸಲ್ಲಬೇಕು. ಕಾಡತೂಸು ಸುಲಭವಾಗಿ ಸಿಗುತ್ತದೆ, ದುರಸ್ತಿ ಮಾಡುವವರಿದ್ದಾರೆ, ಹಾರಿಸಿದ್ದು ಬಹಳ ದೂರ ಹೋಗುವುದಿಲ್ಲ. ನಿಮ್ಮ ಕಡೆ ನೆಲವೆಲ್ಲ ಜಂಬಿಟ್ಟಿಗೆ ಕಲ್ಲು. ಆ ರೈಫಲಿನ ನಿಧಾನದ ಭಾರವಾದ ಸೀಸದ ಗುಂಡು ಕಲ್ಲಿಗೆ ತಾಗಿ ದಿಕ್ಕು ತಪ್ಪಿ ಹಾರುತ್ತದೆ, ಗದ್ದೆಯಾಚೆ ಮನೆಗಳಿರುವ ಕಡೆ ಅದು ಭಯಂಕರ. 1959ರ ಶಸ್ತ್ರ ಕಾಯ್ದೆಯ 13ನೆಯ ಕಲಮು ಸಹ ರಕ್ಷಣೆಗೆ ಕೇಳುವ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬಂದೂಕನ್ನೂ, ಬೆಳೆ ರಕ್ಷಣೆಗೆ ಕೇಳುವ ಮೂತಿಯಿಂದ ಮದ್ದು ತುಂಬುವ ಬಂದೂಕನ್ನೂ ಬೇರೆಯಾಗಿಯೇ ಪರಿಗಣಿಸುತ್ತದೆ.

ಬಂದೂಕಿದ್ದ ಮಾತ್ರಕ್ಕೆ ಹಂದಿ ಹೊಡೆಯಲು ಅಧಿಕಾರ ಬಂದಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಹಾರಿಸಬೇಡಿ. ಖಾನಾಪುರದವರಿಗೆ ಇನ್ನೊಂದು ವಿಶೇಷವಿದೆ. ಭೀಮಗಡ ವನ್ಯಜೀವಿ ಧಾಮ ನಿಮ್ಮ ತಾಲ್ಲೂಕಿನಲ್ಲೇ ಇದೆ. ಧಾಮದಿಂದ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಬಂದೂಕು ಪರವಾನಗಿದಾರರು ವನ್ಯಜೀವಿ ಅಧಿಕಾರಿಗಳಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲೇ ಬೇಕು. ನಿಮ್ಮ ಊರು ಆ ಗೆರೆಯೊಳಗೆ ಬರುತ್ತದೆಯೇ ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಈ ವಾರವೇ ಕೇಳಿ.

ಇಷ್ಟೆಲ್ಲ ಕೇಳಿದ ಮೇಲೂ, ಹಂದಿಯ ಮಾತು ಬಿಡಿ, ಮನೆತನದ ವಸ್ತು ಕೈತಪ್ಪಬಾರದು ಎಂದೇ ನಿಮ್ಮ ಮನಸ್ಸಿನಲ್ಲಿದ್ದರೆ ಅದಕ್ಕೆ ಸರಿಯಾದ ದಾರಿ ಇದೆ. 'ಹಳೆಯದು, ಪುರಾತನ ವಸ್ತು, ಪರವಾನಗಿ ಬೇಡ' ಎಂಬ ಮಾತನ್ನು ನಂಬಬೇಡಿ. ಆ ವಿನಾಯಿತಿ ದುರಸ್ತಿ ಮಾಡಿದರೂ ಹಾರದಂಥ ಆಯುಧಕ್ಕೆ ಮಾತ್ರ. 2016ರ ಶಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ ಎಪ್ಪತ್ತು ತುಂಬಿದ್ದರೆ ಅಥವಾ ಅವರು ಬಂದೂಕನ್ನು ಇಪ್ಪತ್ತೈದು ವರ್ಷ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ಅರ್ಜಿ ಹಾಕಬಹುದು. ಮಾವನವರಿಗೆ ಎಪ್ಪತ್ತೆರಡು ಆಗಿರುವುದರಿಂದ ಇದೇ ತಕ್ಕ ಸಮಯ. ರೈಫಲ್ ನಿಮ್ಮ ಹೆಂಡತಿಯ ಹೆಸರಿಗೆ ಬಂದರೆ ನಿಮ್ಮ ಎರಡನೆಯ ಸ್ಥಾನ 12 ಬೋರಿಗೆ ಉಳಿಯುತ್ತದೆ. ತಂದೆಯ ವಸ್ತು ಮಗಳಿಗೆ ಬಂದಂತೆಯೂ ಆಯಿತು. ನನ್ನ ಸಲಹೆ ಇದೇ. ವಾರಸಿನ ದಾರಿ ಬಿಟ್ಟು ಮಾರಾಟವಾಗಿ ಕೊಡುವುದಾದರೆ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಮೊದಲು ಬರೆದು ತಿಳಿಸಿ 45 ದಿನ ಕಾಯಬೇಕು.

ಅರ್ಜಿ ಹಾಕುವ ಮುನ್ನ ರೈಫಲನ್ನು ಜಮಖಂಡಿಯಲ್ಲೇ, ಮಾವನವರ ಎದುರಿನಲ್ಲೇ ಪರೀಕ್ಷಿಸಿ. ಮೂತಿಯನ್ನು ಹೊಲದ ಕಡೆ ಹಿಡಿದು ಲಿವರ್ ಇಳಿಸಿ, ಚೇಂಬರಿನೊಳಗೆ ಕಿರುಬೆರಳು ಹಾಕಿ ಖಾಲಿಯೇ ಎಂದು ಮುಟ್ಟಿ ನೋಡಿ. ಕೊಳವೆಯಲ್ಲಿ ಏನೂ ಉಳಿದಿಲ್ಲ ಎಂದು ನಾಲ್ಕಾರು ಬಾರಿ ಲಿವರ್ ಆಡಿಸಿ ಖಚಿತ ಮಾಡಿಕೊಳ್ಳಿ. ಎಷ್ಟೋ ವಾಡೆಗಳಲ್ಲಿ ಇಂಥ ರೈಫಲ್ ವರ್ಷಕ್ಕೊಮ್ಮೆ ಖಂಡೇನವಮಿಯಂದು ಮಾತ್ರ ಹೊರಬರುತ್ತದೆ. ಅರಿಶಿನ ಕುಂಕುಮ ಹಚ್ಚಿ ಎಣ್ಣೆ ಸವರಿ ಮತ್ತೆ ಒಳಗಿಡುತ್ತಾರೆ. ನಾನು ಬಿಚ್ಚಿದ ಒಂದರಲ್ಲಿ ಕಾಡತೂಸು ತುಂಬುವ ಪಕ್ಕದ ಬಾಗಿಲಿನ ಸಂದಿಯಲ್ಲಿ ನಲವತ್ತು ವರ್ಷಗಳ ಕುಂಕುಮ ಎಣ್ಣೆಯೊಡನೆ ಬೆರೆತು ಕೆಂಪು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಬಿದಿರಿನ ಕಡ್ಡಿಯಿಂದ ಕೆದಕುವುದಕ್ಕೇ ಎರಡು ಗಂಟೆ ಹಿಡಿಯಿತು. ಕೆಳಗಿನ ಸ್ಪ್ರಿಂಗಿಗೆ ತುಕ್ಕು ತಿಂದಿತ್ತು. ಪೂಜೆ ಬೇಡ ಎನ್ನುವುದಿಲ್ಲ, ಕುಂಕುಮವನ್ನು ಮರದ ಹಿಡಿಗೆ ಹಚ್ಚಿ.

ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ ಟ್ರಿಗರನ್ನು ಮೆಲ್ಲಗೆ ಒತ್ತಿ. ಹ್ಯಾಮರ್ ಬೀಳಬಾರದು. ಈ ಹಳೆಯ ರೈಫಲುಗಳಿಗೆ ಬೇರೆ ಸುರಕ್ಷತಾ ಗುಂಡಿ ಇಲ್ಲ, ಆ ಅರ್ಧ ಕಚ್ಚೇ ಎಲ್ಲ. ಬಾಗಲಕೋಟೆ ಕಡೆಯ ಒಂದು ವಾಡೆಯ ಪಡಸಾಲೆಯಲ್ಲಿ ತೇಗದ ತೊಲೆಗೆ ಹೆಬ್ಬೆರಳು ಹೋಗುವಷ್ಟು ತೂತಿದೆ. ತುಂಬಿದ ರೈಫಲಿನ ಹ್ಯಾಮರನ್ನು ಇಳಿಸುವಾಗ ಯಜಮಾನರ ಬೆವೆತ ಹೆಬ್ಬೆರಳು ಜಾರಿತ್ತು, ಸವೆದ ಕಚ್ಚು ಅದನ್ನು ತಡೆಯಲಿಲ್ಲ. ಆಗ ತೊಲೆಯ ಕೆಳಗೆ ತೊಟ್ಟಿಲಿತ್ತು ಎಂದು ಆ ಮನೆಯ ಅಜ್ಜಿ ನನಗೆ ತೋರಿಸಿ ಹೇಳಿದರು. ನಿಮ್ಮ ಮಾವನವರ ರೈಫಲಿನ ಹ್ಯಾಮರ್ ಅರ್ಧದಲ್ಲಿ ನಿಲ್ಲದಿದ್ದರೆ ಅದನ್ನು ಮುಂದೆ ಪರೀಕ್ಷಿಸುವುದೂ ಬೇಡ. ಪರವಾನಗಿ ಇರುವ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡಿಸಿ, ರಸೀದಿ ಪಡೆಯಿರಿ.

ತಳಭಾಗದಲ್ಲಿ, 92ರಲ್ಲಾದರೆ ಲಿವರಿನ ಮುಂದೆ, 73ರಲ್ಲಾದರೆ ಲಿವರಿನ ಹಿಂದೆ, ಕೊರೆದಿರುವ ಕ್ರಮಸಂಖ್ಯೆ ಮಾವನವರ ಪರವಾನಗಿ ಪುಸ್ತಕದಲ್ಲಿರುವ ಸಂಖ್ಯೆಗೆ ಅಂಕಿ ಅಂಕಿಯೂ ಹೊಂದಬೇಕು. ಹಳೆಯ ಪುಸ್ತಕಗಳಲ್ಲಿ ಗುಮಾಸ್ತರು 3ನ್ನು 8 ಎಂದು ಬರೆದಿರುವುದನ್ನು ನೋಡಿದ್ದೇನೆ, ಅದನ್ನು ತಿದ್ದಿಸದೆ ವರ್ಗಾವಣೆ ಮುಂದೆ ಸಾಗುವುದಿಲ್ಲ. ಸಂಖ್ಯೆ ಮಾಸಿದ್ದರೆ ತಿಕ್ಕಬೇಡಿ, ಮೇಲೊಂದು ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಆ ಕಾಗದ, ಪರವಾನಗಿ ಪುಸ್ತಕದ ಮೊದಲ ಪುಟದ ಪ್ರತಿ, ಯಂತ್ರಭಾಗದ ಎರಡೂ ಪಕ್ಕಗಳ ಫೋಟೊ ಕಳುಹಿಸಿ. 73ರದೋ 92ರದೋ ಎಂದು ನೋಡಿ ತಿಳಿಸುತ್ತೇನೆ. ರೈಫಲನ್ನು ಮಾತ್ರ ಬೆಳಗಾವಿಗೆ ತರಬೇಡಿ. ನಿಮ್ಮ ಹೆಸರಿನ ಪರವಾನಗಿಯಲ್ಲಿ ಇಲ್ಲದ ಬಂದೂಕು ನಿಮ್ಮ ಕಾರಿನಲ್ಲಿರಬಾರದು.